ಟ್ರಾನ್ಸ್‌ಫಾರ್ಮರ್ ಗೂಗಲ್‌ನದು, ಚಾಟ್‌ಜಿಪಿಟಿ ಬೇರೆಯವರದು: ಹೀಗಾದದ್ದು ಏಕೆ?

ಪ್ರಶ್ನೆ: ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಪ್ಲಸ್ ಟು ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೇ ಹೆಚ್ಚು. ಪಠ್ಯ ಇಂಗ್ಲಿಷಿನಲ್ಲಿದ್ದರೂ ವಿವರಣೆಯನ್ನು ಕನ್ನಡದಲ್ಲಿ ಕೊಟ್ಟ ದಿನ ಮಕ್ಕಳ ಪ್ರಶ್ನೆಗಳು ಹರಿತವಾಗಿರುತ್ತವೆ. ಹಾಗೆ ಬಂದ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ.

ಚಾಟ್‌ಜಿಪಿಟಿಯಂಥವುಗಳ ಒಳಗೆ ಕೆಲಸ ಮಾಡುವ ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು 2017ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದರು ಎಂದು ಹೇಳಿಕೊಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಚಾಟ್‌ಜಿಪಿಟಿಯನ್ನು ಗೂಗಲ್ ಏಕೆ ಮಾಡಲಿಲ್ಲ ಟೀಚರ್? ಅವರಲ್ಲಿ ಹಣ ಇರಲಿಲ್ಲವೇ, ಜನ ಇರಲಿಲ್ಲವೇ?" ಎಂದು ಕೇಳಿದಳು. ಮರುದಿನ ಹೇಳುತ್ತೇನೆ ಎಂದಿದ್ದೇನೆ. ಓದಿದ ಕಡೆಗಳಲ್ಲೆಲ್ಲ ಸಿಕ್ಕಿದ್ದು ಒಂದೇ ಉತ್ತರ: ದೊಡ್ಡ ಕಂಪೆನಿಗಳು ಬೆಳೆದಂತೆ ಸೋಮಾರಿಯಾಗುತ್ತವೆ, ಸಣ್ಣವುಗಳಿಗೆ ಹಸಿವು ಇರುತ್ತದೆ. ಇದು ನನಗೆ ಉತ್ತರವಾಗಿ ಕಾಣುವುದಿಲ್ಲ. ನಮ್ಮ ಶಾಲೆಯಿಂದಲೇ ಹೋಗಿ ಅಂಥ ಕಂಪೆನಿಗಳಲ್ಲಿ ರಾತ್ರಿ ಹಗಲು ದುಡಿಯುತ್ತಿರುವ ಮಕ್ಕಳನ್ನು ನಾನು ಬಲ್ಲೆ. ಒಳಗೆ ಕೆಲಸ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಮುಳ್ಳೇರಿಯ ಅಡಿಕೆತೋಟ

ಟೀಚರ್, ಮೊದಲು ಆ ಹುಡುಗಿಗೆ ನನ್ನ ಶಹಭಾಸ್ ತಿಳಿಸಿ. ನಾನು ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಬಹಳ ವರ್ಷ ದುಡಿದು, ತಂದೆಯವರಿಗೆ ತೋಟ ನೋಡಿಕೊಳ್ಳಲು ಆಗದಾದ ಮೇಲೆ ಊರಿಗೆ ಬಂದವನು. ಸೋಮಾರಿತನ ಎಂಬ ಉತ್ತರವನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜನರ ಮೇಲೆ ದೋಷ ಹೊರಿಸಿ ಕೈತೊಳೆದುಕೊಂಡರೆ ನಿಜವಾದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಗೂಗಲ್‌ನ ಕಥೆಯನ್ನೇ ತೆಗೆದುಕೊಳ್ಳಿ. 2017ರ ಆ ಪ್ರಬಂಧಕ್ಕೆ ಎಂಟು ಮಂದಿ ಲೇಖಕರು. 2023 ಮುಗಿಯುವುದರೊಳಗೆ ಎಂಟೂ ಮಂದಿ ಗೂಗಲ್ ಬಿಟ್ಟಿದ್ದರು. ಅವರಲ್ಲಿ ಒಬ್ಬರಾದ ನೋಮ್ ಶಜೀರ್ ಮತ್ತು ಅವರ ಸಹೋದ್ಯೋಗಿ ಡೇನಿಯಲ್ ಡಿ ಫ್ರೈಟಾಸ್ ಮನುಷ್ಯರಂತೆ ಸಂಭಾಷಣೆ ನಡೆಸುವ ಯಂತ್ರವನ್ನು ಗೂಗಲ್‌ನ ಒಳಗೇ ಸಿದ್ಧಪಡಿಸಿದ್ದರು. ಮೊದಲು ಅದರ ಹೆಸರು ಮೀನಾ. ಅದರ ಮುಂದುವರಿಕೆಯಾದ ಲ್ಯಾಮ್ಡಾವನ್ನು ಗೂಗಲ್ 2021ರ ಮೇ ತಿಂಗಳಲ್ಲಿ ವೇದಿಕೆಯ ಮೇಲೆ ತೋರಿಸಿತು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಒಂದೂವರೆ ವರ್ಷ ಮೊದಲೇ ಗೂಗಲ್‌ನ ಕೈಯಲ್ಲಿ ಅಂಥದೇ ಯಂತ್ರ ಇತ್ತು, ಆದರೆ ಜನರ ಕೈಗೆ ಕೊಡಲು ಒಪ್ಪಿಗೆ ಸಿಗಲಿಲ್ಲ. ಇಬ್ಬರೂ ಬೇಸತ್ತು ಹೊರಬಂದು ಕ್ಯಾರೆಕ್ಟರ್ ಎಐ ಎಂಬ ನವೋದ್ಯಮ ಕಟ್ಟಿದರು. 2024ರ ಆಗಸ್ಟ್‌ನಲ್ಲಿ ಗೂಗಲ್ ಅದೇ ಇಬ್ಬರನ್ನು ಮರಳಿ ಕರೆಸಿಕೊಂಡಿತು. ಆ ಒಪ್ಪಂದದ ಮೊತ್ತ ಸುಮಾರು 270 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಮನೆಯಲ್ಲೇ ಇದ್ದವರನ್ನು ಅಷ್ಟು ಕೊಟ್ಟು ಮರಳಿ ತರಬೇಕಾಯಿತು ಎಂದರೆ ತಿಳಿವಳಿಕೆಯ ಕೊರತೆ ಇರಲಿಲ್ಲ ಎಂಬುದು ಸ್ಪಷ್ಟ. ಹಾಗಾದರೆ ತಡೆದದ್ದು ಏನು?

2022ರಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ ಬಂದ ಆದಾಯ ಸುಮಾರು 28,300 ಕೋಟಿ ಡಾಲರ್. ಅದರಲ್ಲಿ ಸುಮಾರು 22,400 ಕೋಟಿ ಜಾಹೀರಾತಿನದು. ನೀವು ಏನನ್ನಾದರೂ ಹುಡುಕಿದಾಗ ಕೊಂಡಿಗಳ ಸಾಲೊಂದು ಬರುತ್ತದೆ, ಅದರ ತಲೆಯ ಮೇಲೆ ಜಾಹೀರಾತು ಕೂರುತ್ತದೆ. ಸಾಲಿನ ಬದಲು ಒಂದೇ ಒಂದು ನೇರ ಉತ್ತರ ಬಂದರೆ ಜಾಹೀರಾತಿಗೆ ಜಾಗ ಎಲ್ಲಿ? ಖರ್ಚಿನ ಲೆಕ್ಕ ಇನ್ನೊಂದು. ಇಂಥ ಸಂಭಾಷಣೆಯ ಒಂದು ಉತ್ತರಕ್ಕೆ ಸಾಮಾನ್ಯ ಹುಡುಕಾಟದ ಹತ್ತು ಪಟ್ಟು ವೆಚ್ಚ ಬೀಳಬಹುದು ಎಂದು ಆಲ್ಫಾಬೆಟ್‌ನ ಅಧ್ಯಕ್ಷ ಜಾನ್ ಹೆನ್ನೆಸ್ಸಿ 2023ರ ಫೆಬ್ರವರಿಯಲ್ಲಿ ರಾಯಿಟರ್ಸ್‌ಗೆ ಹೇಳಿದ್ದರು. ಆದಾಯ ತಗ್ಗಿಸಿ ಖರ್ಚು ಏರಿಸುವ ಹೊಸ ವಸ್ತುವನ್ನು ತಾನಾಗಿ ಮಾರುಕಟ್ಟೆಗೆ ತರಲು ಯಾವ ಕಂಪೆನಿಯ ಆಡಳಿತ ಮಂಡಳಿ ಮುಂದಾಗುತ್ತದೆ? ನಮ್ಮ ಕಡೆಯ ಯಾವ ಕೃಷಿಕನೂ ಫಸಲು ಕೊಡುತ್ತಿರುವ ಅಡಿಕೆತೋಟವನ್ನು ಕಡಿದು, ಐದಾರು ವರ್ಷ ಕಾಯಬೇಕಾದ ಹೊಸ ಗಿಡ ನೆಡುವುದಿಲ್ಲ. ಬರೀ ಗುಡ್ಡೆ ಇದ್ದವನಿಗೆ ಆ ಯೋಚನೆಯೇ ಇಲ್ಲ. ಅವನು ಏನು ನೆಟ್ಟರೂ ಲಾಭ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಬಳಿ ಇದ್ದದ್ದು ಗುಡ್ಡೆ.

ಹೆಸರಿನ ಭಯ ಇದಕ್ಕೆ ಸೇರಿಕೊಳ್ಳುತ್ತದೆ. ಮೈಕ್ರೋಸಾಫ್ಟ್ 2016ರಲ್ಲಿ ಟೇ ಎಂಬ ಚಾಟ್‌ಬಾಟ್ ಬಿಟ್ಟಿತು. ಜನ ಅದಕ್ಕೆ ಕೆಟ್ಟ ಮಾತು ಕಲಿಸಿದರು; ಒಂದು ದಿನ ತುಂಬುವುದರೊಳಗೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 2022ರ ನವೆಂಬರ್ ಮಧ್ಯದಲ್ಲಿ ಗ್ಯಾಲಾಕ್ಟಿಕಾ ಎಂಬ ವಿಜ್ಞಾನ ಬರೆಯುವ ಎಐಯನ್ನು ಬಿಟ್ಟು, ಅದು ಸುಳ್ಳನ್ನು ಸತ್ಯದ ಧಾಟಿಯಲ್ಲಿ ಬರೆಯುತ್ತದೆ ಎಂಬ ಟೀಕೆಗೆ ಮೂರೇ ದಿನಗಳಲ್ಲಿ ಮುಚ್ಚಿತು. ಇದಾಗಿ ಎರಡು ವಾರಕ್ಕೆ ಬಂದ ಚಾಟ್‌ಜಿಪಿಟಿಯೂ ಅದೇ ರೀತಿ ಸುಳ್ಳನ್ನು ಹೆಣೆಯುತ್ತಿತ್ತು! ಆದರೆ ಅದು ಸಂಶೋಧನೆಯ ಪೂರ್ವನೋಟ ಎಂಬ ಹಣೆಪಟ್ಟಿ ಹೊತ್ತು, ಹೆಚ್ಚಿನವರು ಹೆಸರು ಕೇಳದ ಸಂಸ್ಥೆಯಿಂದ ಬಂದಿತ್ತು. ಜನ ಬೆರಗಿನಿಂದ ನೋಡಿದರು, ತಪ್ಪುಗಳನ್ನು ಮನ್ನಿಸಿದರು. 2023ರ ಫೆಬ್ರವರಿಯಲ್ಲಿ ಗೂಗಲ್ ಅವಸರದಲ್ಲಿ ಬಾರ್ಡ್ ಎಂಬ ತನ್ನ ಚಾಟ್‌ಬಾಟ್ ಘೋಷಿಸಿದಾಗ ಅದರ ಜಾಹೀರಾತಿನಲ್ಲೇ ಜೇಮ್ಸ್ ವೆಬ್ ದೂರದರ್ಶಕದ ಬಗ್ಗೆ ಒಂದು ತಪ್ಪು ವಾಕ್ಯ ಇತ್ತು. ಆ ಒಂದು ವಾಕ್ಯ ಸುದ್ದಿಯಾದ ದಿನ ಆಲ್ಫಾಬೆಟ್‌ನ ಷೇರು ಮೌಲ್ಯದಲ್ಲಿ ಸುಮಾರು 10,000 ಕೋಟಿ ಡಾಲರ್ ಕರಗಿತು. ತಪ್ಪಿಗೆ ತೆರಬೇಕಾದ ಬೆಲೆ ಇಬ್ಬರಿಗೂ ಒಂದೇ ಅಲ್ಲ.

ಈಗ ನಾನು ಕಣ್ಣಾರೆ ಕಂಡದ್ದು. ನಮ್ಮ ಕಂಪೆನಿ ಬ್ಯಾಂಕುಗಳಿಗೆ, ವಿಮಾ ಸಂಸ್ಥೆಗಳಿಗೆ ಗ್ರಾಹಕ ಸೇವೆಯ ಸಾಫ್ಟ್‌ವೇರ್ ಮಾರುತ್ತಿತ್ತು. ಬೆಲೆ ತಲೆ ಲೆಕ್ಕದಲ್ಲಿ: ಎಷ್ಟು ಮಂದಿ ಸಿಬ್ಬಂದಿ ಅದನ್ನು ಬಳಸುತ್ತಾರೋ ಅಷ್ಟು ಪರವಾನಗಿ. ನಮ್ಮ ತಂಡದ ಇಬ್ಬರು ಎಳೆಯರು, ಬಂದ ಪತ್ರವನ್ನು ಓದಿ ಉತ್ತರದ ಕರಡು ಬರೆಯುವ ಒಂದು ಉಪಕರಣ ಮಾಡಿದರು. ಹಳೆಯ ಪತ್ರಗಳ ಮೇಲೆ ಅದನ್ನು ಓಡಿಸಿ ನೋಡಿದೆವು. ತೀರಿಕೊಂಡ ಗಂಡನ ಪಾಲಿಸಿಯ ಹಣಕ್ಕಾಗಿ ಹೆಂಗಸೊಬ್ಬರು ಬರೆದ ಪತ್ರ ಇತ್ತು. ಪಾಲಿಸಿಯಲ್ಲಿ ಗಂಡನ ಹೆಸರಿನ ಕಾಗುಣಿತ ಒಂದು, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು. ಯಂತ್ರ ಆ ವ್ಯತ್ಯಾಸವನ್ನು ಹಿಡಿದು, ಸಂತಾಪದ ಎರಡು ಸಾಲು ಬರೆದು, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಒಂದನ್ನು ಮೊದಲೇ ಕೇಳಿತ್ತು. ಅಸಲಿ ಕಡತದಲ್ಲಿ ಆ ವ್ಯತ್ಯಾಸ ಸಿಬ್ಬಂದಿಯ ಗಮನಕ್ಕೆ ಬಂದದ್ದು ಮೂರನೆಯ ಪತ್ರದ ಹೊತ್ತಿಗೆ. ಅಷ್ಟರವರೆಗೆ ಆ ಹೆಂಗಸು ಅಲೆದಾಡಿದ್ದರು. ಕೋಣೆಯಲ್ಲಿದ್ದ ನಮಗೆಲ್ಲ ಮೈ ಜುಮ್ಮೆಂದಿತು.

ಮೇಲಿನವರ ಸಭೆಗೆ ಹೋಯಿತು. ಮಾರಾಟ ವಿಭಾಗದ ಮುಖ್ಯಸ್ಥರು ಕೇಳಿದರು: ಈ ಗ್ರಾಹಕರು 400 ಪರವಾನಗಿ ಕೊಳ್ಳುತ್ತಾರೆ, ಇದು ಬಂದ ಮೇಲೆ ಅವರಿಗೆ 150 ಸಾಕಾದರೆ ಆ ಕೊರತೆಯನ್ನು ಯಾರ ಖಾತೆಗೆ ಬರೆಯುವುದು? ಕಾನೂನು ವಿಭಾಗದವರು ಕೇಳಿದರು: ಪತ್ರದಲ್ಲಿರುವ ಖಾಸಗಿ ವಿವರ ಯಾವ ದೇಶದ ಸರ್ವರಿಗೆ ಹೋಗುತ್ತದೆ? ಭದ್ರತೆಯವರದು ಬೇರೆ ಪ್ರಶ್ನಾವಳಿ. ಕೊನೆಗೆ ಬಂಡವಾಳ ಕೇಳುವ ಅರ್ಜಿಯಲ್ಲಿ, ಮುಂದಿನ ವರ್ಷದ ಆದಾಯದ ಅಂದಾಜನ್ನು ತುಂಬಲೇಬೇಕಾದ ಒಂದು ಚೌಕ. ಇನ್ನೂ ಹುಟ್ಟದ ವಸ್ತುವಿಗೆ ಪ್ರಾಮಾಣಿಕವಾಗಿ ಬರೆಯಬಹುದಾದ ಅಂಕಿ ಸಣ್ಣದು. ಹಳೆಯ ಉತ್ಪನ್ನದ ಅಂಕಿಯ ಪಕ್ಕದಲ್ಲಿ ಅದು ಕಾಣುವುದೇ ಇಲ್ಲ. ಆ ಸಭೆಯಲ್ಲಿ ಯಾರೂ ಅನ್ಯಾಯದ ಮಾತನಾಡಲಿಲ್ಲ. ಪ್ರತಿಯೊಬ್ಬರ ಪ್ರಶ್ನೆಯೂ ಅವರ ಹುದ್ದೆಗೆ ತಕ್ಕದ್ದೇ. ಆದರೆ ಹತ್ತು ಕಡೆ ಹೂಂ ಸಿಕ್ಕಬೇಕು, ಒಂದು ಕಡೆ ಊಹೂಂ ಬಂದರೆ ನಿಲ್ಲುತ್ತದೆ. ಆ ಇಬ್ಬರು ಎಳೆಯರು ವರ್ಷ ಕಳೆಯುವುದರೊಳಗೆ ಸಣ್ಣ ಕಂಪೆನಿಯೊಂದಕ್ಕೆ ಹೋದರು. ಅಲ್ಲಿ ಮಾಡಿದ ಅಂಥದೇ ಉಪಕರಣವನ್ನು, ತಲೆ ಲೆಕ್ಕ ಬಿಟ್ಟು ಇತ್ಯರ್ಥವಾದ ಪತ್ರದ ಲೆಕ್ಕದಲ್ಲಿ, ನಮ್ಮದೇ ಗ್ರಾಹಕರಿಗೆ ಮಾರಿದರು.

ಹುಡುಗಿಗೆ ಹೀಗೆ ಹೇಳಬಹುದು: ಗೂಗಲ್‌ಗೆ ಹಣವೂ ಇತ್ತು, ಜನವೂ ಇದ್ದರು, ಯಂತ್ರವೂ ಇತ್ತು. ಕಳೆದುಕೊಳ್ಳುವಂಥದೂ ಬಹಳ ಇತ್ತು.

ಉತ್ತರ: ಮಂಜೇಶ್ವರದ ಹುಡುಗ, ಈಗ ಕೊಚ್ಚಿ

ಮುಳ್ಳೇರಿಯದ ಅಣ್ಣ ಬರೆದದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ನಾನು ಸಣ್ಣ ಎಐ ಕಂಪೆನಿಯಲ್ಲಿ ಕೆಲಸ ಮಾಡುವವನು. ನಮ್ಮಲ್ಲಿ ಹೂಂ ಎನ್ನಬೇಕಾದವರು ಇಬ್ಬರು, ಅವರು ನಮ್ಮ ಪಕ್ಕದ ಮೇಜಿನಲ್ಲೇ ಇದ್ದಾರೆ. ಬೆಳಿಗ್ಗೆ ಬಂದ ಹೊಸ ಎಐ ಮಾದರಿಯನ್ನು ಸಂಜೆಯೊಳಗೆ ಅಳವಡಿಸಿ ನೋಡುತ್ತೇವೆ. ಹಳೆಯ ಗ್ರಾಹಕರ ಹತ್ತು ವರ್ಷದ ಹಿಂದಿನ ಆವೃತ್ತಿ ಕೆಡದಂತೆ ಕಾಯುವ ಹೊರೆ ನಮಗಿಲ್ಲ.

ಆದರೆ ನವೋದ್ಯಮಗಳು ಗೆದ್ದೇಬಿಟ್ಟವು ಎಂದು ಮಕ್ಕಳಿಗೆ ಹೇಳಬೇಡಿ ಟೀಚರ್. ಗೂಗಲ್ ಕೊಂಡುಕೊಂಡಿದ್ದ ಡೀಪ್‌ಮೈಂಡ್ ಎಂಬ ಎಐ ಸಂಶೋಧನಾ ಕಂಪೆನಿಯ ಸ್ಥಾಪಕರಲ್ಲಿ ಒಬ್ಬರಾದ ಮುಸ್ತಫಾ ಸುಲೇಮಾನ್ 2022ರಲ್ಲಿ ಇನ್‌ಫ್ಲೆಕ್ಷನ್ ಎಂಬ ಎಐ ನವೋದ್ಯಮ ಶುರು ಮಾಡಿದರು. ಮರುವರ್ಷ 130 ಕೋಟಿ ಡಾಲರ್ ಬಂಡವಾಳ ಬಂತು. 2024ರ ಮಾರ್ಚ್‌ನಲ್ಲಿ ಅವರೂ ಸಿಬ್ಬಂದಿಯಲ್ಲಿ ಹೆಚ್ಚಿನವರೂ ಮೈಕ್ರೋಸಾಫ್ಟ್ ಸೇರಿದರು. ಅದೇ ವರ್ಷ ಅಡೆಪ್ಟ್ ಎಂಬ ಇನ್ನೊಂದು ಎಐ ನವೋದ್ಯಮದ ಸ್ಥಾಪಕರಲ್ಲಿ ಕೆಲವರು ಅಮೆಜಾನ್‌ಗೆ ಹೋದರು. ಓಪನ್‌ಎಐ ನಿಂತದ್ದು ಮೈಕ್ರೋಸಾಫ್ಟ್ 2019ರಲ್ಲಿ ಹಾಕಿದ 100 ಕೋಟಿ ಡಾಲರ್ ಮತ್ತು ಅದರ ಯಂತ್ರಗಳ ಮೇಲೆ. ಓಪನ್‌ಎಐ ಬಿಟ್ಟು ಬಂದವರು 2021ರಲ್ಲಿ ಕಟ್ಟಿದ ಆಂತ್ರೊಪಿಕ್ ಎಂಬ ಎಐ ಕಂಪೆನಿಗೆ ಅಮೆಜಾನ್ ಮತ್ತು ಗೂಗಲ್ ಎರಡೂ ಹಣ ಹೂಡಿವೆ. ನಮ್ಮ ಕಂಪೆನಿಯಲ್ಲಿ ಸಂಬಳದ ನಂತರ ದೊಡ್ಡ ಖರ್ಚು ಯಾವುದು ಗೊತ್ತೇ? ಅದೇ ದೊಡ್ಡ ಕಂಪೆನಿಗಳಿಗೆ ಕಟ್ಟುವ ಕ್ಲೌಡ್ ಬಾಡಿಗೆ, ಅಂದರೆ ಅವರ ಕಂಪ್ಯೂಟರುಗಳನ್ನು ಇಂಟರ್ನೆಟ್ ಮೂಲಕ ಬಳಸುವ ಬಾಡಿಗೆ. ನಾವು ಮುಂದೆ ಓಡಿದರೂ ರಸ್ತೆ ಅವರದೇ.

ಇನ್ನೊಂದು ಉದಾಹರಣೆ ಮಕ್ಕಳಿಗೆ ಇಷ್ಟವಾಗಬಹುದು. ಪ್ರೋಗ್ರಾಂ ಬರೆಯಲು ನೆರವಾಗುವ ಕೋಪೈಲಟ್ ಅನ್ನು ಮೈಕ್ರೋಸಾಫ್ಟ್‌ನ ಗಿಟ್‌ಹಬ್ 2021ರಲ್ಲೇ ತಂದಿತ್ತು. ಅಲ್ಲಿ ದೊಡ್ಡವರೇ ಮೊದಲಿಗರು. ಆದರೆ ಎಂಐಟಿಯಲ್ಲಿ ಓದಿದ ನಾಲ್ವರು ಕಟ್ಟಿದ ಕರ್ಸರ್ ಎಂಬ ಉಪಕರಣ ಅದಕ್ಕೆ ಗಟ್ಟಿ ಸ್ಪರ್ಧೆ ಕೊಟ್ಟಿತು. ಅವರು ಬುಡಕ್ಕೆ ತೆಗೆದುಕೊಂಡದ್ದು ಮೈಕ್ರೋಸಾಫ್ಟ್ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದ, ಪ್ರೋಗ್ರಾಂ ಬರೆಯುವ ವಿಎಸ್ ಕೋಡ್ ಎಂಬ ಸಾಫ್ಟ್‌ವೇರ್ ಅನ್ನು. ಮೈಕ್ರೋಸಾಫ್ಟ್ ಅದೇ ವಿಎಸ್ ಕೋಡ್ ಅನ್ನು ಕೋಟಿಗಟ್ಟಲೆ ಬಳಕೆದಾರರ ಅಭ್ಯಾಸ ಕೆಡದಂತೆ ಬದಲಿಸಬೇಕಿತ್ತು. ಈ ನಾಲ್ವರು ಬೇಕಾದ ಗೋಡೆ ಒಡೆದು ಬೇಕಾದ ಕಡೆ ಬಾಗಿಲಿಟ್ಟರು.

ಉತ್ತರ: ಉಪ್ಪಳ ಡಿಟಿಪಿ

ನಾನು ಕಂಪೆನಿಯಲ್ಲಿ ದುಡಿದವನಲ್ಲ. ಉಪ್ಪಳದಲ್ಲಿ ಡಿಟಿಪಿ ಅಂಗಡಿ ಇದೆ. ಪಂಚಾಯತಿನಿಂದ, ವಿಲ್ಲೇಜ್ ಕಚೇರಿಯಿಂದ ಮಲೆಯಾಳದಲ್ಲಿ ಬಂದ ನೋಟಿಸು ಹಿಡಿದು ಬರುವವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳುವುದು, ಉತ್ತರ ಬರೆದು ಕೊಡುವುದು ನಮ್ಮ ಗಡಿನಾಡಿನಲ್ಲಿ ನಿತ್ಯದ ಕೆಲಸ. ಬಳಸುವವನ ಕಡೆಯಿಂದ ಒಂದೆರಡು ಮಾತು.

ಮೊದಲು ಗೂಗಲ್ ಅನುವಾದಕ್ಕೆ ಹಾಕುತ್ತಿದ್ದೆ. ವಾಕ್ಯ ವಾಕ್ಯವಾಗಿ ಅನುವಾದವಾಗುತ್ತಿತ್ತು. ಮೇಲಿನ ಪ್ಯಾರಾದಲ್ಲಿ ಅರ್ಜಿದಾರ ಯಾರು ಎಂದು ಬಂದದ್ದು ಕೆಳಗೆ ಬರುವಾಗ ಮರೆತುಹೋಗುತ್ತಿತ್ತು. ಚಾಟ್‌ಜಿಪಿಟಿ ಬಂದ ಮೇಲೆ ಇಡೀ ನೋಟಿಸು ಒಟ್ಟಿಗೆ ಹಾಕಿ, "ಕೊನೆಯ ದಿನಾಂಕ ಯಾವುದು, ಯಾವ ದಾಖಲೆ ಕೊಡಬೇಕು?" ಎಂದು ಕೇಳಬಹುದಾಯಿತು. ಕನ್ನಡ ಆಗ ಒರಟಾಗಿತ್ತು, ಆದರೆ ವಿಷಯ ಕೈಗೆ ಸಿಗುತ್ತಿತ್ತು. ಈಗ ಗೂಗಲ್‌ನ ಜೆಮಿನಿಯಲ್ಲೂ ಅದು ಆಗುತ್ತದೆ, ಮಲೆಯಾಳದ ಮಸುಕಾದ ಫೋಟೋವನ್ನು ಅದು ಚೆನ್ನಾಗಿ ಓದುತ್ತದೆ. ಆದರೂ ಸರ್ವೆ ನಂಬರು, ದಿನಾಂಕಗಳನ್ನು ನಾನೇ ಮೂಲದೊಡನೆ ತಾಳೆ ನೋಡದೆ ಯಾರ ಕೈಗೂ ಕಾಗದ ಕೊಡುವುದಿಲ್ಲ. ಜನರ ಜಾಗದ ಪ್ರಶ್ನೆ.

ದೊಡ್ಡವರನ್ನು ಹಳಿಯುವಾಗ ಒಂದನ್ನು ನೆನಪಿಡಬೇಕು. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ಒಮ್ಮೆಲೇ 110 ಭಾಷೆಗಳು ಸೇರಿದವು, ಅದರಲ್ಲಿ ತುಳುವೂ ಇತ್ತು. ನಮ್ಮ ಮನೆಮಾತು ತುಳು. ಲಾಭದ ಲೆಕ್ಕ ಮಾತ್ರ ಹಾಕುವ ಯಾವ ಸಣ್ಣ ಕಂಪೆನಿ ತುಳುವನ್ನು ಕೇಳುತ್ತದೆ? ಸಣ್ಣ ಭಾಷೆಗಳ ಕೆಲಸಕ್ಕೆ ಉದ್ದದ ಉಸಿರು ಬೇಕು, ಅದು ದೊಡ್ಡವರಲ್ಲಿ ಇದೆ.

ಪೆರ್ಲದ ಟೀಚರ್

ಎಲ್ಲರಿಗೂ ಧನ್ಯವಾದ. 400 ಮತ್ತು 150ರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೇ ಹೇಳುತ್ತೇನೆ. ಅಡಿಕೆತೋಟದವರಲ್ಲಿ ಇನ್ನೊಂದು ಪ್ರಶ್ನೆ: ನಮ್ಮ ಮಕ್ಕಳಲ್ಲಿ ಹೆಚ್ಚಿನವರು ನೋಡುತ್ತಿರುವುದು ಮಂಗಳೂರು, ಬೆಂಗಳೂರಿನ ಐಟಿ ಕಂಪೆನಿಗಳ ಕಡೆಗೆ. ಗೂಗಲ್ ಹೇಗೋ ಚೇತರಿಸಿಕೊಂಡಿತು. ಇವುಗಳ ಗತಿ ಏನು?

ಉತ್ತರ: ಮುಳ್ಳೇರಿಯ ಅಡಿಕೆತೋಟ

ಗೂಗಲ್ ಚೇತರಿಸಿಕೊಂಡದ್ದು ಹೇಗೆ ಎಂಬುದನ್ನು ಮೊದಲು ನೋಡೋಣ, ಉತ್ತರ ಅದರಲ್ಲೇ ಇದೆ. ಚಾಟ್‌ಜಿಪಿಟಿಯ ಪೆಟ್ಟು ಬಿದ್ದ ಮೇಲೆ, 2023ರ ಏಪ್ರಿಲ್‌ನಲ್ಲಿ, ವರ್ಷಗಳಿಂದ ಬೇರೆಬೇರೆಯಾಗಿ ನಡೆಯುತ್ತಿದ್ದ ಗೂಗಲ್ ಬ್ರೈನ್ ಮತ್ತು ಡೀಪ್‌ಮೈಂಡ್ ಎಂಬ ಎರಡು ಸಂಶೋಧನಾ ತಂಡಗಳನ್ನು ಒಂದು ಮಾಡಿದರು. ಅದೇ ಡಿಸೆಂಬರ್‌ನಲ್ಲಿ ಜೆಮಿನಿ ಬಂತು. ಎಐಗೆಂದೇ ರೂಪಿಸಿದ ಸ್ವಂತ ಚಿಪ್ಪುಗಳನ್ನು ಗೂಗಲ್ 2015ರಿಂದಲೇ ಬಳಸುತ್ತಿತ್ತು, ಅದರ ಫಲ ಈಗ ಕೈಗೆ ಬಂತು. ಸಾಮರ್ಥ್ಯ ಮೊದಲೂ ಇತ್ತು. ಬದಲಾದದ್ದು ಭಯದ ದಿಕ್ಕು: ಬಿಡುಗಡೆ ಮಾಡಿದರೆ ಏನಾಗುತ್ತದೋ ಎಂಬ ಭಯಕ್ಕಿಂತ ಮಾಡದಿದ್ದರೆ ಏನಾಗುತ್ತದೋ ಎಂಬ ಭಯ ದೊಡ್ಡದಾಯಿತು.

ನಮ್ಮ ಐಟಿ ಕಂಪೆನಿಗಳ ಬಗ್ಗೆ ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 2015ರ ಡಿಸೆಂಬರ್‌ನಲ್ಲಿ ಓಪನ್‌ಎಐ ಲಾಭರಹಿತ ಸಂಸ್ಥೆಯಾಗಿ ಶುರುವಾದಾಗ ಅದಕ್ಕೆ ನೆರವು ಘೋಷಿಸಿದವರ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ಹೆಸರು ಇತ್ತು. ಆಗ ಅದರ ಮುಖ್ಯಸ್ಥರಾಗಿದ್ದವರು ವಿಶಾಲ್ ಸಿಕ್ಕಾ. 2017ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಏನು ಬರುತ್ತಿದೆ ಎಂಬುದು ಅಷ್ಟು ಮೊದಲೇ ಅಲ್ಲಿ ಕಂಡಿತ್ತು! ಕಂಡರೂ ಹೆಜ್ಜೆ ಮುಂದೆ ಬೀಳಲಿಲ್ಲ, ಏಕೆಂದರೆ ಈ ಇಡೀ ಉದ್ಯಮ ನಿಂತಿರುವುದು ಎಷ್ಟು ಜನ, ಎಷ್ಟು ಗಂಟೆ ಎಂಬ ಲೆಕ್ಕದ ಮೇಲೆ. ಹತ್ತು ಜನರ ಕೆಲಸವನ್ನು ನಾಲ್ವರು ಮಾಡಿ ಮುಗಿಸಿದರೆ ಗ್ರಾಹಕ ನಾಲ್ವರ ಬಿಲ್ ಕೊಡಿ ಎನ್ನುತ್ತಾನೆ. ನಮ್ಮ ಸಭೆಯ 400 ಮತ್ತು 150ರ ಪ್ರಶ್ನೆ ಇಲ್ಲಿ ಒಂದು ಉತ್ಪನ್ನದ್ದಲ್ಲ, ಇಡೀ ಉದ್ಯಮದ್ದು. ಟಿಸಿಎಸ್ 2025ರ ಜುಲೈಯಲ್ಲಿ ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹುದ್ದೆಯವರು. ಎಐಯಿಂದ ಹೀಗಾಗುತ್ತಿಲ್ಲ, ಹೊಸ ಕೆಲಸಕ್ಕೆ ಹೊಂದದ ಕೌಶಲದಿಂದ ಎಂದು ಅದರ ಮುಖ್ಯಸ್ಥರು ವಿವರಿಸಿದರು. ಆ ವಿವರಣೆಯನ್ನು ಒಪ್ಪಿದರೂ ಕೆಲಸದ ಸ್ವರೂಪ ಬದಲಾಗಿದೆ ಎಂಬುದು ಅದರಲ್ಲೇ ಇದೆ.

ಆದ್ದರಿಂದ ದೊಡ್ಡ ಕಂಪೆನಿಯೋ ಸಣ್ಣದೋ ಎಂದು ಮಕ್ಕಳು ಕೇಳಿದರೆ, ಸಂದರ್ಶನಕ್ಕೆ ಹೋದಾಗ ಇದೊಂದನ್ನು ವಿಚಾರಿಸಲು ಹೇಳಿ: ಈ ಕಂಪೆನಿಗೆ ಹಣ ಬರುವುದು ಯಾವ ಲೆಕ್ಕದಲ್ಲಿ? ತಲೆ ಲೆಕ್ಕವೋ, ಗಂಟೆ ಲೆಕ್ಕವೋ, ಮುಗಿಸಿಕೊಟ್ಟ ಕೆಲಸದ ಲೆಕ್ಕವೋ? ಮೊದಲ ಎರಡರಲ್ಲಿ ಜಾಣತನದ ಉಪಕರಣ ಮಾಡಿದವನು ತನ್ನದೇ ಕಂಪೆನಿಗೆ ನಷ್ಟ ತಂದವನಾಗುತ್ತಾನೆ. ಅಲ್ಲಿಯೂ ಕಲಿಯಲು ಬಹಳ ಇದೆ; ಬ್ಯಾಂಕಿನ ವ್ಯವಹಾರ, ವಿಮೆಯ ವ್ಯವಹಾರ ಒಳಗಿಂದ ತಿಳಿಯುವುದು ಅಲ್ಲಿಯೇ. ಪತ್ರದ ಕಾಗುಣಿತದ ವ್ಯತ್ಯಾಸ ಮುಖ್ಯ ಎಂದು ಆ ಇಬ್ಬರು ಎಳೆಯರಿಗೆ ಹೊಳೆದದ್ದು, ಎರಡು ವರ್ಷ ಅಂಥ ಕಡತಗಳ ನಡುವೆ ಕುಳಿತಿದ್ದರಿಂದ.

ಮಂಜೇಶ್ವರದ ತಮ್ಮ, ಕರ್ಸರ್ ವಿಷಯ ಚೆನ್ನಾಗಿ ಬರೆದಿದ್ದೀರಿ. ಟೀಚರ್, ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ಶನಿವಾರ ನಾನೇ ಪೆರ್ಲಕ್ಕೆ ಬರಬಲ್ಲೆ. ಪ್ರೊಜೆಕ್ಟರ್ ಇದ್ದರೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಹೇಗೆ ಮುಂದಿನ ಪದವನ್ನು ಆರಿಸುತ್ತದೆ ಎಂಬುದನ್ನು ಮಕ್ಕಳ ಮುಂದೆಯೇ ಓಡಿಸಿ ತೋರಿಸಬಹುದು. ಕರೆಂಟ್ ಹೋದರೂ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ದಿನ ತಿಳಿಸಿ.